ದೇವರ ಪೀಠದ ಕೆಳಗಿನ ಪೆಟ್ಟಿಗೆ

ಬದರೀನಾಥ ತೀರಿಕೊಂಡು ಒಂಬತ್ತು ತಿಂಗಳಾಯಿತು. ಹೋದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, ಪುಂಗೋಲ್‌ನ ನೀರಿನ ಪಕ್ಕದ ಪಾರ್ಕ್ ಕನೆಕ್ಟರ್ ಎಂಬ ಸೈಕಲ್ ದಾರಿಯಲ್ಲಿ ಸೈಕಲ್ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕಿ, ಆಮೇಲೆ ಬೆಂಚಿನ ಮೇಲೆ ಕೂತು ಸತ್ತ. ಐವತ್ತೆರಡು ವರ್ಷ. ಸಾಯುವಾಗಲೂ ಸೈಕಲ್ ಬೀಳದಂತೆ ನೋಡಿಕೊಂಡ ಎಂದು ಸಂತಾಪಸಭೆಯಲ್ಲಿ ಹೇಳಿದವನು ನಾನೇ. ಜನ ಅಳುತ್ತಲೇ ನಕ್ಕರು.

ಅವತ್ತು ಹತ್ತು ನಿಮಿಷ ಮಾತಾಡಿದೆ. ಹೇಳಿದ್ದೆಲ್ಲ ನಿಜ. ಅದನ್ನೇ ಬರೆದುಕೊಡಿ, ಸಂಚಿಕೆಗೆ ಹಾಕುತ್ತೇವೆ ಎಂದು ಇಲ್ಲಿನ ಕನ್ನಡ ಸಂಘದವರು ಕೇಳಿದ್ದಾರೆ. ಆದರೆ ಆ ಭಾಷಣವನ್ನು ಈಗ ಹಾಗೇ ಕೊಟ್ಟರೆ ಸುಳ್ಳಾಗುತ್ತದೆ. ಅದರಲ್ಲಿ ಒಂದು ಪೆಟ್ಟಿಗೆಯ ವಿಷಯ ಇರಲಿಲ್ಲ. ನನಗೇ ಗೊತ್ತಿರಲಿಲ್ಲ.

ಬದರಿ ನನಗೆ ಸಿಕ್ಕಿದ್ದು 2003ರಲ್ಲಿ, ಈ ದ್ವೀಪದೇಶದ ಪೂರ್ವಕ್ಕಿರುವ ಬೆಡೋಕ್‌ನ ಒಂದು ಬಾಡಿಗೆ ರೂಮಿನಲ್ಲಿ. ನಾನು ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅವನು ಪಶ್ಚಿಮದ ತುದಿಯಲ್ಲಿ ಬಣ್ಣ, ಥಿನ್ನರ್, ಆಸಿಡ್ ಡ್ರಮ್ಮುಗಳನ್ನು ಇಡುವ ಗೋದಾಮಿನಲ್ಲಿ ಸೇಫ್ಟಿ ಆಫೀಸರ್. ಬಂದ ಮೊದಲ ದಿನವೇ ನಮ್ಮ ಅಡುಗೆ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ. ಸಣ್ಣ, ನೇರವಾದ ಕನ್ನಡ ಅಕ್ಷರ. ‘ಉಪ್ಪು — 14 ಜೂನ್.’

“ಲೇ, ಉಪ್ಪಿಗೂ ಡೇಟ್ ಹಾಕ್ತೀಯೇನೋ? ಉಪ್ಪು ಕೆಡತ್ತಾ?”

“ಉಪ್ಪು ಕೆಡಲ್ಲ. ತಲೆ ಕೆಡತ್ತೆ. ಒಂದು ಡಬ್ಬಕ್ಕೆ ಒಂದೇ ಪದಾರ್ಥ, ಮೇಲೆ ಅದರ ಹೆಸರು. ಬೇರೆ ಡಬ್ಬಕ್ಕೆ ಸುರಿದ ದಿನಾನೇ ಆಕ್ಸಿಡೆಂಟ್ ಶುರು. ನಮ್ಮಪ್ಪ ಹೇಳ್ತಿದ್ದ.”

ಅವನ ಅಪ್ಪ ಕೃಷ್ಣಪ್ಪ ಹುಣಸೂರಿನಲ್ಲಿ ಗಡಿಯಾರ ಮತ್ತು ಬೀಗ ರಿಪೇರಿ ಅಂಗಡಿ ಇಟ್ಟಿದ್ದರಂತೆ. ಬದರಿ ಅಪ್ಪನ ಮಾತು ತೆಗೆದರೆ ನಿಲ್ಲಿಸುತ್ತಿರಲಿಲ್ಲ. ಅಪ್ಪ ಮೇಜಿನ ಮುಂದೆ ಕೂತರೆ ಉಸಿರೂ ಕೇಳುತ್ತಿರಲಿಲ್ಲ, ಹಿತ್ತಾಳೆಯ ಪುಟ್ಟ ತಕ್ಕಡಿಯಲ್ಲಿ ತೂಗುವಾಗ ಫ್ಯಾನ್ ಆರಿಸುತ್ತಿದ್ದರು, ಕೈ ತೊಳೆಯದೆ ಊಟಕ್ಕೆ ಕೂತರೆ ಬೆತ್ತ ಬೀಳುತ್ತಿತ್ತು. ಗಡಿಯಾರದವರಿಗೆ ತಕ್ಕಡಿ ಯಾಕೆ ಎಂದು ಇಪ್ಪತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಅವನಿಗೊಬ್ಬ ತಮ್ಮನಿದ್ದ, ಒಂದು ಕಣ್ಣು ಗಾಜಿನದು. ಚಿಕ್ಕವನಿದ್ದಾಗ ಚಿನ್ನಿದಾಂಡು ಆಡುವಾಗ ಪೆಟ್ಟಾಗಿದ್ದು ಎಂದಿದ್ದ. ಅದನ್ನೂ ನಂಬಿದ್ದೆ.

ಅವನು ತಮಾಷೆಯ ಮನುಷ್ಯ, ಆದರೆ ಅಪಾಯದ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಹೋಟೆಲಿಗೆ ಹೋದರೆ ಮೊದಲು ಹಿಂಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದ. ಗಣೇಶನ ಹಬ್ಬದಲ್ಲಿ ಸಂಘದ ಸ್ಟೇಜಿನ ವೈರುಗಳನ್ನು ಮಂಡಿಯೂರಿ ಒಂದೊಂದಾಗಿ ಮುಟ್ಟಿ ನೋಡಿದವನು ಅವನೊಬ್ಬನೇ. ನನ್ನ ಹೆಂಡತಿ ಪ್ರಭಾ ಬಾಣಂತನದಲ್ಲಿ ಸುಸ್ತಾಗಿದ್ದಾಗ ಎರಡು ವಾರ ಮನೆಗೆ ಸಾರು ತಂದುಕೊಟ್ಟ, ಮುಚ್ಚಳದ ಮೇಲೆ ಬೆಳಿಗ್ಗೆ, ಸಂಜೆ ಎಂದು ಚೀಟಿ ಅಂಟಿಸಿ. ಮಗ ಋತ್ವಿಕ್ ಸೈಕಲ್ ಕಲಿತದ್ದು ಅವನ ಕೈಯಲ್ಲಿ.

ನಾವು ಬುಕಿತ್ ಪಂಜಾಂಗ್‌ನಲ್ಲಿ ಮನೆ ತೆಗೆದುಕೊಂಡೆವು. ಅವನು, ಹೆಂಡತಿ ಹಂಸಾ, ಮಗಳು ಸಮೃದ್ಧಿ ಪುಂಗೋಲ್‌ನಲ್ಲಿ. ಈ ಹೊಸ ಕಟ್ಟಡಗಳಲ್ಲಿ ಪ್ರತಿ ಮನೆಗೂ ಒಂದು ಬಾಂಬ್ ಶೆಲ್ಟರ್ ಇರುತ್ತದೆ. ಅಡುಗೆಮನೆ ಹತ್ತಿರ, ನಾಲ್ಕು ಜನ ಮಂಡಿ ಮಡಚಿ ಕೂರುವಷ್ಟು ಜಾಗ, ಒಂದಡಿ ದಪ್ಪದ ಕಾಂಕ್ರೀಟ್ ಗೋಡೆ, ಎರಡು ಕೈ ಹಾಕಿ ಎಳೆಯಬೇಕಾದ ಕಬ್ಬಿಣದ ಬಾಗಿಲು. ಯುದ್ಧ ಬಂದರೆ ಅದರೊಳಗೆ ಹೋಗಿ ಕೂರಬೇಕು. ಯುದ್ಧ ಬರುವ ತನಕ ಚೀನೀ ಮನೆಗಳವರು ಅಲ್ಲಿ ಅಕ್ಕಿ, ಟಾಯ್ಲೆಟ್ ಪೇಪರ್ ಇಡುತ್ತಾರೆ. ನಾವು ದೇವರನ್ನು ಇಡುತ್ತೇವೆ. ಪ್ರಭಾ ಅಲ್ಲೊಂದು ಮರದ ಪೀಠ ಮಾಡಿಸಿ, ನಂಜುಂಡೇಶ್ವರನನ್ನೂ ಚಾಮುಂಡಿಯನ್ನೂ ಕೂರಿಸಿದ್ದಳು. ಅದರ ಗೋಡೆಯ ಆಚೆ ಬದಿ ಋತ್ವಿಕ್‌ನ ರೂಮು. ಅವನ ಮಂಚ ಆ ಗೋಡೆಗೇ ಒತ್ತಿಕೊಂಡಿತ್ತು.

2010ರ ಜುಲೈ. ಕೃಷ್ಣಪ್ಪನವರು ತೀರಿಕೊಂಡು ವರ್ಷ ತುಂಬಿತ್ತು. ಒಂದು ಶನಿವಾರ ಬದರಿ ಟ್ಯಾಕ್ಸಿಯಲ್ಲಿ ಒಂದು ಮರದ ಪೆಟ್ಟಿಗೆ ತಂದ. ಇಬ್ಬರೂ ಹಿಡಿದು ಲಿಫ್ಟಿಗೆ ಹಾಕಿದೆವು.

“ಏನಪ್ಪಾ ಇದು, ಹೆಣಭಾರ?”

“ಅಪ್ಪನ ಕಸುಬಿನ ಸಾಮಾನು. ಊರಿಂದ ಶಿಪ್‌ಮೆಂಟಲ್ಲಿ ಬಂತು. ನಿಮ್ಮನೇಲಿ ಇರ್ಲಿ.”

“ನಿಮ್ಮನೇಲೂ ಶೆಲ್ಟರ್ ಇದೆಯಲ್ಲೋ.”

“ಅದ್ರಲ್ಲಿ ಹಂಸಾ ಸೂಟ್‌ಕೇಸು, ಅಕ್ಕಿ ಮೂಟೆ, ನನ್ನ ಸೈಕಲ್ಲು. ಅಪ್ಪ ಸಾಮಾನನ್ನ ದೇವ್ರ ಹತ್ರಾನೇ ಇಡ್ತಿದ್ರು. ನಿಮ್ಮ ದೇವ್ರಿಗೆ ಸ್ವಂತ ರೂಮಿದೆ. ನಮ್ಮ ದೇವ್ರು ಟೀವಿ ಪಕ್ಕ ಇದಾರೆ, ಪಾಪ.”

ಪ್ರಭಾ ನಕ್ಕು, “ಇರ್ಲಿ ಬಿಡಿ, ಪೀಠದ ಕೆಳಗೆ ಜಾಗ ಇದೆ” ಎಂದಳು. ಪೆಟ್ಟಿಗೆ ಪೀಠದ ಕೆಳಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು, ಸುತ್ತ ಎರಡು ಬೆರಳು ಸಂದು. ಹಿಂದಿನ ತಿಂಗಳು ಅವನು ಟೇಪ್ ಹಿಡಿದು ಆ ಪೀಠ ಅಳೆದದ್ದನ್ನು ನಾನು ನೋಡಿದ್ದೆ. ತಾನೂ ಅಂಥದ್ದೇ ಮಾಡಿಸಬೇಕು ಎಂದಿದ್ದ.

ಅಂದಿನಿಂದ ನಮ್ಮ ದೇವರಮನೆಗೆ ಬದರಿಯ ಕಾನೂನುಗಳು ಬಂದವು. ಕಬ್ಬಿಣದ ಬಾಗಿಲನ್ನು ಪೂರ್ತಿ ಮುಚ್ಚಬಾರದು, ಗಾಳಿ ಆಡಬೇಕು. ಊದುಬತ್ತಿ ಬೇಡ. ಎಣ್ಣೆ ದೀಪ ಬೇಡ. ತಾನೇ ಒಂದು ಕರೆಂಟ್ ದೀಪ ತಂದು ಸಿಕ್ಕಿಸಿದ.

“ಕರೆಂಟ್ ದೀಪಕ್ಕೆ ದೇವ್ರು ಬರ್ತಾನಾ, ಬದರಿ?” ಪ್ರಭಾ ಜಗಳಕ್ಕೇ ನಿಂತಳು.

“ಬರ್ತಾನೆ. ಎಣ್ಣೆ ದೀಪಕ್ಕೆ ಫೈರ್ ಇಂಜಿನ್ ಬರತ್ತೆ.”

ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ತಂದು ಬದಲಾಯಿಸುತ್ತಿದ್ದ. ಪೂಜೆಯ ಬೆಳ್ಳಿ ಕಪ್ಪಾಗುತ್ತದೆ, ಅಲ್ಲೇ ಇಟ್ಟಿದ್ದ ಪ್ರಭಾಳ ರೇಷ್ಮೆ ಸೀರೆಗೆ ಬೂಸ್ಟು ಬರುತ್ತದೆ ಎಂದು. ನಾವು ಮನೆಯಲ್ಲಿ ಇಲ್ಲದಿದ್ದರೂ ಬಂದು ಹೋಗುತ್ತಿದ್ದ, ನಮ್ಮ ಮನೆಯ ಕೀ ಅವನ ಹತ್ತಿರ ಒಂದಿತ್ತು, ಅವನ ಮನೆಯದು ನನ್ನ ಹತ್ತಿರ. ಕೋವಿಡ್ ವರ್ಷದ ಜುಲೈಯಲ್ಲಿ, ಒಬ್ಬರ ಮನೆಗೆ ಒಬ್ಬರು ಹೋಗಲು ಆಗಷ್ಟೇ ಬಿಟ್ಟಿದ್ದಾಗ, ಎರಡು ಮಾಸ್ಕ್ ಹಾಕಿಕೊಂಡು ಪೊಟ್ಟಣದೊಂದಿಗೆ ಬಾಗಿಲಲ್ಲಿ ನಿಂತಿದ್ದ. ಪ್ರಭಾಳ ಕಣ್ಣಲ್ಲಿ ನೀರು ಬಂತು. “ಸ್ವಂತ ಅಣ್ಣ ಫೋನ್ ಮಾಡಿಲ್ಲ, ಈ ಮನುಷ್ಯ ನನ್ನ ಸೀರೆ ಕಾಯಕ್ಕೆ ಬಂದಿದಾನೆ” ಎಂದಳು. ಸಂತಾಪಸಭೆಯಲ್ಲಿ ನಾನು ಹೇಳಿದ್ದು ಈ ಕಥೆಯನ್ನೇ.

ಆಯುಧಪೂಜೆಯ ದಿನ ಮಾತ್ರ ಪ್ರಭಾ ಅವನ ಮಾತು ಕೇಳುತ್ತಿರಲಿಲ್ಲ. ವರ್ಷಕ್ಕೊಂದು ದಿನ ಎಣ್ಣೆ ದೀಪ ಬೇಕೇ ಬೇಕು. ಲ್ಯಾಪ್‌ಟಾಪು, ಮಿಕ್ಸಿ, ಋತ್ವಿಕ್‌ನ ಸೈಕಲ್ಲು, ಎಲ್ಲಕ್ಕೂ ಕುಂಕುಮ. ಕೃಷ್ಣಪ್ಪನವರ ಪೆಟ್ಟಿಗೆಗೂ ಕುಂಕುಮ, ಮೇಲೊಂದು ದಾಸವಾಳ. ಆ ದಿನ ಬದರಿ ತಪ್ಪದೆ ಬರುತ್ತಿದ್ದ. ಶೆಲ್ಟರಿನ ಹೊಸ್ತಿಲಲ್ಲಿ ಒಂದು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಒದ್ದೆ ಟವೆಲ್ ಇಟ್ಟುಕೊಂಡು, ದೀಪ ಆರುವ ತನಕ ಕೂತಿರುತ್ತಿದ್ದ. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

“ನೋಡ್ರೀ, ನಮ್ಮ ದ್ವಾರಪಾಲಕ,” ಎಂದು ಪ್ರಭಾ ಹಂಸಾಗೆ ತೋರಿಸಿ ನಗುತ್ತಿದ್ದಳು. ಹಂಸಾ ನಗುತ್ತಿರಲಿಲ್ಲ. ಅವಳಿಗೆ ತಮಾಷೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆವು.

ಬದರಿ ಹೋದ ಮೇಲೆ, ಏಪ್ರಿಲ್ ಮೊದಲ ವಾರ, ಹಂಸಾಗೆ ಫೋನ್ ಮಾಡಿದೆ. “ಅವನ ಅಪ್ಪನ ಪೆಟ್ಟಿಗೆ ನಮ್ಮಲ್ಲಿದೆ. ನಿಮ್ಮನೇಲಿ ಇದ್ರೆ ಚೆಂದ. ಸಮೃದ್ಧಿಗೆ ಅಜ್ಜನ ನೆನಪು. ಶನಿವಾರ ತಂದುಕೊಡ್ಲಾ?”

“ಬೇಡ. ಅದು ನಿಮ್ಮನೇಲೇ ಇರ್ಲಿ” ಎಂದು ಇಟ್ಟುಬಿಟ್ಟಳು.

ದುಃಖದಲ್ಲಿದ್ದಾಳೆ ಎಂದುಕೊಂಡೆ. ಆದರೂ ಗಡಿಯಾರದ ಸಾಮಾನಿಗೆ ಎಣ್ಣೆ ಹಾಕಿಡಬೇಕಲ್ಲ, ಇನ್ನು ಮೇಲೆ ಅದನ್ನು ನೋಡಿಕೊಳ್ಳುವವನು ನಾನೇ ಅಲ್ಲವೇ ಎಂದು ಶನಿವಾರ ಬೆಳಿಗ್ಗೆ ಪೆಟ್ಟಿಗೆ ಹೊರಗೆ ಎಳೆದೆ. ಋತ್ವಿಕ್ ಮನೆಯಲ್ಲಿದ್ದ. ಅವನಿಗೆ ಹತ್ತೊಂಬತ್ತು, ಇಲ್ಲಿನ ಎಲ್ಲ ಹುಡುಗರ ಹಾಗೆ ಮಿಲಿಟರಿಯಲ್ಲಿ ಎರಡು ವರ್ಷದ ಸೇವೆ ಮಾಡುತ್ತಿದ್ದಾನೆ, ವಾರಾಂತ್ಯಕ್ಕೆ ಬಿಡುತ್ತಾರೆ. ಬೀಗದ ಕೀ ಇರಲಿಲ್ಲ. ಕೀಲಿನ ತಿರುಪುಗಳನ್ನು ಬಿಚ್ಚಿ ಮುಚ್ಚಳ ಎತ್ತಿದೆ.

ಮೇಲೆ ಹಳೆಯ ಕನ್ನಡ ಪೇಪರು. ಅದರ ಕೆಳಗೆ ಹಿಡಿಕೆಯಿದ್ದ ಒಂದು ಕಬ್ಬಿಣದ ಒತ್ತುಯಂತ್ರ. ಹಿತ್ತಾಳೆಯ ತಕ್ಕಡಿ, ಅವನು ವರ್ಣಿಸಿದ್ದ ಹಾಗೆಯೇ. ಸಾಲುಸಾಲು ತೂತು ಕೊರೆದ ಒಂದು ಮರದ ತುಂಡು, ಪ್ರತಿ ತೂತಿನಲ್ಲೂ ಹೆಬ್ಬೆರಳು ಗಾತ್ರದ ಒಂದು ಹಿತ್ತಾಳೆ ಕೊಳವೆ. ಒಂದನ್ನು ಎತ್ತಿಕೊಂಡೆ. ಏನೆಂದು ಗೊತ್ತಾಗಲಿಲ್ಲ.

“ಅಪ್ಪಾ.” ಋತ್ವಿಕ್‌ನ ದನಿ ಬೇರೆಯಾಗಿತ್ತು. “ಪುಟ್ ಇಟ್ ಡೌನ್. ಮೆಲ್ಲಗೆ.”

“ಏನೋ ಇದು?”

“ಕೋವಿದು. ತೋಟಾ. ಖಾಲಿದು.”

“ಗಡಿಯಾರದ—”

“ಗಡಿಯಾರ ಅಲ್ಲ ಅಪ್ಪಾ! ಪ್ಲೀಸ್, ಕೆಳಗಿಡು.”

ಪೆಟ್ಟಿಗೆಯ ತಳದಲ್ಲಿ ಮರದ ಹಲಗೆಯೊಂದು ಅಡ್ಡ ನಿಂತಿತ್ತು. ಒಂದು ಬದಿಗೆ ಮೇಣ ಹಚ್ಚಿ ಮುಚ್ಚಿದ ತಗಡಿನ ಡಬ್ಬ. ಇನ್ನೊಂದು ಬದಿಗೆ, ಬಟ್ಟೆ ಸುತ್ತಿ, ಅಂಗಡಿಯ ಮೂಲ ಕಾಗದದ ಪ್ಯಾಕಿನಲ್ಲೇ ಇದ್ದ ಕೇಪುಗಳು. ಕೇಪು ಎಂದರೆ ಕೋವಿಯ ಕುದುರೆ ಎಂಬ ಸುತ್ತಿಗೆ ಬಡಿದ ಕೂಡಲೇ ಕಿಡಿ ಹಾರಿಸಿ ಮದ್ದಿಗೆ ಬೆಂಕಿ ಕೊಡುವ ಸಣ್ಣ ಬಟ್ಟಲು. ಡಬ್ಬದಲ್ಲಿದ್ದದ್ದು ಆ ಮದ್ದು. ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಒಂದು ರಟ್ಟಿನ ಕಾರ್ಡು ಪಿನ್ನು ಹೊಡೆದಿತ್ತು. ಆ ಅಕ್ಷರ ನಮ್ಮ ಉಪ್ಪಿನ ಡಬ್ಬದ ಮೇಲಿದ್ದದ್ದೇ.

‘ಮದ್ದು ಅದರ ಡಬ್ಬದಲ್ಲೇ ಇರಲಿ. ಕೇಪು ದೂರ. ತೇವ ಬೇಡ. ಬೆಂಕಿ ಬೇಡ. ಮರದ ಪೆಟ್ಟಿಗೆ, ಕಬ್ಬಿಣ ಬೇಡ. ಬಾಗಿಲು ತೆರೆದಿರಲಿ.’

ಕೆಳಗೆ ತಾರೀಖುಗಳು. ಜುಲೈ, ಜನವರಿ, ಜುಲೈ, ಜನವರಿ. ಇಪ್ಪತ್ತೆಂಟು ತಾರೀಖು, ಪ್ರತಿಯೊಂದರ ಮುಂದೆ ಒಂದು ಗೀಟು. ಕೋವಿಡ್ ವರ್ಷದ ಜುಲೈಯೂ ಇತ್ತು. ಕೊನೆಯದು ಅವನು ಸಾಯುವ ಹಿಂದಿನ ತಿಂಗಳಿನದು.

ನಾನು ಅಲ್ಲೇ ಕೂತುಬಿಟ್ಟೆ. ಪ್ರಭಾಳ ರೇಷ್ಮೆ ಸೀರೆ, ದೇವರಿಗೆ ಗಾಳಿ, ಕರೆಂಟ್ ದೀಪ, ಒದ್ದೆ ಟವೆಲ್. ಹದಿನಾಲ್ಕು ವರ್ಷ ನಾವು ಪ್ರೀತಿ ಎಂದುಕೊಂಡಿದ್ದ ಒಂದೊಂದೂ ಆ ಕಾರ್ಡಿನ ಮೇಲೆ ಒಂದೊಂದು ಸಾಲು.

ಋತ್ವಿಕ್ ಮಾತ್ರ ಕೂರಲಿಲ್ಲ. ಗ್ಯಾಸ್ ಆರಿಸಿದ, ಅಮ್ಮನನ್ನು ಸ್ನಾನದ ಮನೆಯಿಂದ ಕರೆದ, ನಮ್ಮಿಬ್ಬರನ್ನೂ ಚಪ್ಪಲಿ ಹಾಕಲೂ ಬಿಡದೆ ಕೆಳಗೆ ಇಳಿಸಿದ. “ಪೊಲೀಸ್‌ಗೆ ಫೋನ್ ಮಾಡ್ತೀನಿ” ಎಂದ.

“ಅರ್ಧ ಗಂಟೆ ತಡಿ. ಹಂಸಾ ಆಂಟೀನ ಒಂದ್ಮಾತು ಕೇಳ್ತೀನಿ.”

“ಏನು ಕೇಳೋದಿದೆ? ಅಪ್ಪಾ, ಫೈರಿಂಗ್ ರೇಂಜಿಂದ ಆಚೆ ಬರೋ ಮುಂಚೆ ಪ್ರತಿ ಸಲ ನಮ್ಮನ್ನ ಸಾಲಾಗಿ ನಿಲ್ಲಿಸ್ತಾರೆ. ಜೇಬು ಹೊರಗೆ ಎಳೆದು ತೋರಿಸಿ, ನನ್ನ ಹತ್ರ ಗುಂಡಿಲ್ಲ, ಖಾಲಿ ತೋಟಾನೂ ಇಲ್ಲ ಅಂತ ಒಬ್ಬೊಬ್ರೇ ಜೋರಾಗಿ ಹೇಳ್ಬೇಕು. ಒಂದು ಖಾಲಿ ತೋಟಾ ಜೇಬಲ್ಲಿ ಉಳಿದ್ರೂ ಕೇಸು. ಇಲ್ಲಿ ನನ್ನ ಬೆಡ್ ಪಕ್ಕದಲ್ಲಿ ನಲವತ್ತಿದೆ.”

ನಮ್ಮ ಮುಂದಿದ್ದದ್ದು ಇಷ್ಟು. ಹೇಳದಿದ್ದರೆ ನನ್ನ ಮನೆಯವರು ಅಪರಾಧಿಗಳು. ಹೇಳಿದರೆ ಬದರಿಯ ಹೆಸರು ಹೋಗುತ್ತದೆ, ಅದೂ ನನ್ನ ಬಾಯಿಂದ.

ಹಂಸಾ ಟ್ಯಾಕ್ಸಿಯಲ್ಲಿ ಬಂದಳು. ನಮ್ಮ ಬ್ಲಾಕಿನ ಕೆಳಮಹಡಿಯ ತೆರೆದ ಪಡಸಾಲೆಯಲ್ಲಿ, ಅಂದರೆ ವಾಯ್ಡ್ ಡೆಕ್‌ನಲ್ಲಿ, ಮುದುಕರು ಚೆಸ್ ಆಡುವ ಕಲ್ಲುಮೇಜಿನ ಹತ್ತಿರ ಕೂತೆವು. ಕೇಳುವ ಮೊದಲೇ ಹೇಳತೊಡಗಿದಳು, ಎಷ್ಟೋ ದಿನದಿಂದ ಹೇಳಲು ಕಾಯುತ್ತಿದ್ದವಳ ಹಾಗೆ.

ಕೃಷ್ಣಪ್ಪನವರಿಗೆ ಗಡಿಯಾರದ ಅಂಗಡಿ ಇರಲಿಲ್ಲ. ಲೈಸೆನ್ಸ್ ಇದ್ದ ಒಬ್ಬ ಕೋವಿ ವ್ಯಾಪಾರಿಯ ಅಂಗಡಿಯಲ್ಲಿ ತೋಟಾ ತುಂಬುತ್ತಿದ್ದರು, ಹಂದಿ ಓಡಿಸುವ ಎಸ್ಟೇಟಿನವರಿಗೆ. ಸಾಮಾನೆಲ್ಲ ಅಂಗಡಿಯಲ್ಲೇ ಇರಬೇಕು. ಒಂದು ಸಲ ಕೆಲಸ ಜಾಸ್ತಿಯಾಯಿತೆಂದು ಮನೆಗೆ ತಂದರು. ಕೇಪುಗಳನ್ನು ಪ್ಯಾಕಿನಿಂದ ಬಿಡಿಸಿ ಒಂದು ಗಾಜಿನ ಉಪ್ಪಿನಕಾಯಿ ಜಾಡಿಗೆ ಸುರಿದಿಟ್ಟಿದ್ದರು. ಬಿಡಿಬಿಡಿ ಕೇಪುಗಳು ಒಂದಕ್ಕೊಂದು ಉಜ್ಜಬಾರದು. ಬದರಿಯ ತಮ್ಮ, ಆರು ವರ್ಷದವನು, ಜಾಡಿಯನ್ನು ಗಿಲಿಕೆಯ ಹಾಗೆ ಅಲ್ಲಾಡಿಸಿದ. ಕಣ್ಣು ಹೋದದ್ದು ಹಾಗೆ. ಅದಾದ ಮೇಲೆ ಕೃಷ್ಣಪ್ಪ ಸಾಯುವ ತನಕ ಹೇಳುತ್ತಿದ್ದದ್ದು ಒಂದೇ ಮಾತಂತೆ. ಮಕ್ಕಳು ಮಲಗುವ ಮನೆಯಲ್ಲಿ ಇಡಬೇಡ.

“ಮಾವ ಹೋದ ಮೇಲೆ ಪ್ಯಾಕರ್ಸ್‌ನವ್ರು ಮನೇಲಿದ್ದದ್ದನ್ನೆಲ್ಲ ಕಣ್ಣುಮುಚ್ಚಿ ಪ್ಯಾಕ್ ಮಾಡಿ ಕಳಿಸಿದ್ರು. ಒರಳುಕಲ್ಲು, ಕೊಪ್ಪರಿಗೆ ಜೊತೆ ಇದೂ ಬಂತು. ಇಲ್ಲಿ ಬಿಚ್ಚಿದಾಗ್ಲೇ ನಮ್ಗೆ ಗೊತ್ತಾಗಿದ್ದು. ಅವತ್ತೇ ಪೊಲೀಸ್‌ಗೆ ಹೇಳಿ ಅಂದೆ. ಇಲ್ಲೇ ಖಾಯಂ ಇರಕ್ಕೆ ಪೀಆರ್ ಅರ್ಜಿ ಹಾಕಿದೀನಿ, ಈಗ ಹೇಳಿದ್ರೆ ಕೆಲ್ಸಾನೂ ಹೋಗತ್ತೆ, ಜೈಲೂ ಆಗತ್ತೆ ಅಂದ್ರು. ಸ್ವಲ್ಪ ದಿನ ಅಂದ್ರು. ಆಮೇಲೆ, ಅಪ್ಪ ಮುಟ್ಟಿದ್ದು ಅಂದ್ರು. ಆಮೇಲೆ ಮಾತೇ ಆಡ್ಲಿಲ್ಲ.”

“ನಮ್ಮನೆಗೆ ಯಾಕೆ ತಂದ?” ಕೇಳಿದವಳು ಪ್ರಭಾ.

ಹಂಸಾ ಮೇಜಿನ ಚೌಕಗಳನ್ನೇ ನೋಡುತ್ತಿದ್ದಳು.

“ಸಮೃದ್ಧಿಗೆ ಆಗ ಮೂರು ವರ್ಷ,” ಎಂದಳು.

ಪ್ರಭಾ ಋತ್ವಿಕ್‌ನ ಕಡೆ ತಿರುಗಿ ನೋಡಿದಳು. ಆ ವರ್ಷ ಅವನಿಗೆ ಐದು. ಬದರಿ ಅಪ್ಪನ ಮಾತು ಮೀರಿರಲಿಲ್ಲ. ತನ್ನ ಮಗು ಮಲಗುವ ಮನೆಯಲ್ಲಿ ಇಡಲಿಲ್ಲ, ಅಷ್ಟೇ.

“ನೀವು ನಮ್ಮನೆಗೆ ಊಟಕ್ಕೆ ಬಂದ್ರಿ,” ಪ್ರಭಾ ಹೇಳಿದಳು. “ಪ್ರತಿ ವರ್ಷ ಬಂದ್ರಿ. ನಾನು ಅದ್ರ ಮೇಲೆ ದೀಪ ಹಚ್ಚೋದು ನೋಡ್ಕೊಂಡು ಹೋಳಿಗೆ ತಿಂದ್ರಿ.”

“ಅದಕ್ಕೇ ಅವ್ರು ಬಾಗ್ಲಲ್ಲಿ ಕೂತಿರ್ತಿದ್ರಲ್ಲ ಪ್ರಭಾ.”

“ಒದ್ದೆ ಟವೆಲ್ ಇಟ್ಕೊಂಡು!”

ಹಂಸಾ ನನ್ನ ಕಡೆ ತಿರುಗಿದಳು. “ನರಸಿಂಹ ಅವ್ರೇ, ಅವ್ರಿಲ್ಲ. ಅವ್ರಿಗೆ ಇನ್ನೇನೂ ಆಗಲ್ಲ. ಆಗೋದು ನಂಗೆ. ಗೊತ್ತಿದ್ದೂ ಸುಮ್ಮನಿದ್ದೆ ಅಂತ. ಸಮೃದ್ಧಿಗೆ ಈ ವರ್ಷ ಪರೀಕ್ಷೆ. ನೀವು ಮುಂಚೆ ಒಂದು ರೂಮ್ ಬಾಡಿಗೆ ಕೊಟ್ಟಿದ್ರಲ್ಲ, ಆ ಹುಡುಗ ವಾಪಸ್ ಊರಿಗೆ ಹೋದ. ಅವ್ನು ಬಿಟ್ಟುಹೋಗಿದ್ದು ಅನ್ನಿ. ಅವ್ನನ್ನ ಯಾರು ಹುಡುಕ್ತಾರೆ?”

ಇದನ್ನು ಕೇಳಿ ನನಗೆ ಅಸಹ್ಯ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಆಗಬಹುದು ಅನ್ನಿಸಿತು. ಪೆಟ್ಟಿಗೆಯಲ್ಲಿ ಬದರಿಯದು ಎಂದು ಹೇಳುವಂಥದ್ದು ಆ ಕಾರ್ಡು ಮತ್ತು ಮೇಲಿನ ಪೇಪರು ಎರಡೇ. ಕನ್ನಡ ಪೇಪರು ಯಾರದ್ದಾದರೂ ಆಗಬಹುದು. ಫೋನ್ ಮರೆತೆ ಎಂದು ಹೇಳಿ ಒಬ್ಬನೇ ಮೇಲೆ ಹೋದೆ. ಪಿನ್ನು ಕಿತ್ತು, ಕಾರ್ಡನ್ನು ಎರಡಾಗಿ ಮಡಚಿ, ಅಂಗಿ ಜೇಬಿನಲ್ಲಿಟ್ಟುಕೊಂಡು ಇಳಿದು ಬಂದೆ. ಇಪ್ಪತ್ತು ವರ್ಷದ ಗೆಳೆತನಕ್ಕೆ ಇಷ್ಟು ಸಾಲದೇ ಎಂದುಕೊಂಡೆ. ಅವನು ನನಗೆ ಮಾಡಿದ್ದನ್ನು ಊರಿಗೆ ಹೋದ ಆ ಹುಡುಗನಿಗೆ ನಾನು ಮಾಡಲು ಹೊರಟಿದ್ದೇನೆ ಎಂದು ಹೊಳೆಯಲೇ ಇಲ್ಲ.

ಋತ್ವಿಕ್ ಲಿಫ್ಟಿನ ಮುಂದೆಯೇ ನಿಂತಿದ್ದ.

“ಫೋನ್ ಸಿಕ್ತಾ?”

“ಹ್ಞೂಂ.”

“ನಿನ್ನ ಫೋನ್ ನನ್ನ ಹತ್ರ ಇದೆ ಅಪ್ಪಾ. ನೀನೇ ಹಿಡ್ಕೋ ಅಂತ ಕೊಟ್ಟಿದ್ದೆ.”

ಅವನ ಮುಖದಲ್ಲಿ ಕೋಪವಿರಲಿಲ್ಲ. ಸಾಲಿನಲ್ಲಿ ನಿಂತ ಹುಡುಗನಿಗೆ ಹೇಳುವ ಹಾಗೆ, ತೀರಾ ಸಾಮಾನ್ಯವಾಗಿ ಹೇಳಿದ.

“ಅಪ್ಪಾ, ಜೇಬು.”

ಕಾರ್ಡನ್ನು ತೆಗೆದು ಅವನ ಕೈಗೆ ಕೊಟ್ಟೆ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ತಾರೀಖುಗಳನ್ನು ಮಾತ್ರ ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದ. ಕೇಪಿನ ಜಾಡಿ ಅಲ್ಲಾಡಿಸಿದ ಹುಡುಗನಿಗಿಂತ ಅವನು ಒಂದೇ ವರ್ಷ ಚಿಕ್ಕವನಿದ್ದ, ಆ ಮೊದಲ ತಾರೀಖಿನಂದು. ಆಮೇಲೆ ಅವನ ಮುಂದೆಯೇ ಪೊಲೀಸರಿಗೆ ಫೋನ್ ಮಾಡಿದೆ. ಹೆಸರು, ಬ್ಲಾಕ್ ನಂಬರು, ಏನು ಸಿಕ್ಕಿತು. ಯಾರದ್ದು ಎಂದು ಕೇಳಿದರು. ಹಂಸಾ ಕೇಳಿಸಿಕೊಳ್ಳುವಷ್ಟು ದೂರದಲ್ಲೇ ಇದ್ದಳು.

“ನನ್ನ ಗೆಳೆಯನದು,” ಎಂದೆ. “ಬದರೀನಾಥ ಅಂತ. ತೀರಿಹೋಗಿದ್ದಾನೆ.”

ಫೋನ್ ಇಟ್ಟು ತಿರುಗಿದಾಗ ಅವಳು ರಸ್ತೆ ದಾಟುತ್ತಿದ್ದಳು.

ಅವತ್ತು ನಮ್ಮ ಮಹಡಿಯವರನ್ನೂ ಮೇಲಿನ, ಕೆಳಗಿನ ಮಹಡಿಗಳವರನ್ನೂ ಇಳಿಸಿ ವಾಯ್ಡ್ ಡೆಕ್‌ನಲ್ಲಿ ಕೂರಿಸಿದರು. ಪಕ್ಕದ ಮನೆಯ ಅಜ್ಜಿ ಹಕ್ಕಿಯ ಪಂಜರ ಹಿಡಿದು ಇಳಿದು ಬಂದಿದ್ದರು. ನನ್ನನ್ನು ನೋಡಿ, ಗ್ಯಾಸ್ ಲೀಕಾ ಎಂದು ಕೇಳಿದರು. ದಪ್ಪ ಅಂಗಿ ತೊಟ್ಟ ಇಬ್ಬರು ಪೆಟ್ಟಿಗೆಯನ್ನು ಹೊತ್ತುಕೊಂಡು ನಮ್ಮ ಮುಂದೆಯೇ ಹೋದರು. ಅದರ ಮೇಲೆ ಹದಿನಾಲ್ಕು ವರ್ಷದ ಕುಂಕುಮ ಮೆತ್ತಿಕೊಂಡಿತ್ತು.

ಅವರಲ್ಲೊಬ್ಬ ಅಧಿಕಾರಿ ಆಮೇಲೆ ನನಗೆ ಹೇಳಿದ, ಇಟ್ಟವರಿಗೆ ಕೆಲಸ ಗೊತ್ತಿತ್ತು, ಎಲ್ಲ ಸರಿಯಾಗಿ ಇಟ್ಟಿದ್ದಾರೆ ಎಂದು. “ಜಾಗ ಒಂದು ಬಿಟ್ಟು,” ಎಂದ. ಮದ್ದಿಗೆ ಬೆಂಕಿ ತಗುಲಿದರೆ ಬಯಲಲ್ಲಿ ಬುಸ್ಸೆಂದು ಉರಿದು ಹೋಗುತ್ತದೆ, ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಹಾಗಲ್ಲ. ಬಾಂಬು ಒಳಗೆ ಬರದಿರಲಿ ಎಂದು ಕಟ್ಟಿದ ಗೋಡೆ ಅದು, ಬಾಗಿಲು ಹಾಕಿದರೆ ಅದೇ ಬಾಂಬಾಗುತ್ತದೆ. ಇದು ಬದರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಬಾಗಿಲು ತೆರೆದಿರಲಿ ಎನ್ನುತ್ತಿದ್ದ. ಮಗು ಆಟಕ್ಕೆಂದು ಒಂದು ದಿನ ಬಾಗಿಲು ಎಳೆದುಕೊಂಡಿದ್ದರೆ ಎಂದು ಕೂಡ ಅವನು ಯೋಚಿಸಿಯೇ ಇರಬೇಕು. ಎಲ್ಲವನ್ನೂ ಯೋಚಿಸುತ್ತಿದ್ದ ಮನುಷ್ಯ.

ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಂಡ ಹುಡುಗಿ ಬಹಳ ಸೌಮ್ಯವಾಗಿದ್ದಳು. ವರ್ಷಕ್ಕೆರಡು ಸಲ ಬಂದು ಪೆಟ್ಟಿಗೆಯಿದ್ದ ಕೋಣೆಗೆ ಹೋಗುತ್ತಿದ್ದ ಎನ್ನುತ್ತೀರಿ, ನಿಮಗೆ ಯಾವತ್ತೂ ಅನುಮಾನ ಬರಲಿಲ್ಲವೇ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲ ಎಂದೆ. ಅವಳು ನಂಬಿದ್ದು ನನ್ನನ್ನಲ್ಲ, ಕಾರ್ಡನ್ನು. ಅದರ ಒಂದೊಂದು ಸಾಲನ್ನೂ ನಾನೇ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಜೇಬಿನಲ್ಲೇ ಉಳಿದಿದ್ದರೆ ನಾನು ಇವತ್ತು ಎಲ್ಲಿರುತ್ತಿದ್ದೆನೋ. ಸೆಪ್ಟೆಂಬರಿನಲ್ಲಿ ಕಾಗದ ಬಂತು. ನಮ್ಮ ಮೇಲೆ ಕ್ರಮವಿಲ್ಲ. ಹಂಸಾಗೆ ಎಚ್ಚರಿಕೆ ಕೊಟ್ಟು ಬಿಟ್ಟರು ಎಂದು ಬೇರೆಯವರಿಂದ ತಿಳಿಯಿತು. ಸಮೃದ್ಧಿ ಪರೀಕ್ಷೆ ಬರೆದಳಂತೆ.

ಅದಕ್ಕೂ ಮೊದಲು, ಜೂನ್‌ನಲ್ಲಿ, ನಮ್ಮ ಟಪಾಲು ಡಬ್ಬದಲ್ಲಿ ಒಂದು ಲಕೋಟೆ ಇತ್ತು. ಒಳಗೆ ನಮ್ಮ ಮನೆಯ ಕೀ, ಕಾಗದವಿಲ್ಲ. ಕೀಗೆ ದಾರದಲ್ಲಿ ಕಟ್ಟಿದ ಸಣ್ಣ ಚೀಟಿ, ಅವನ ಅಕ್ಷರದಲ್ಲಿ. ‘ನರಸಿಂಹ — ಮುಂಬಾಗಿಲು. 17 ಜುಲೈ 2010.’ ಕೀ ಬದಲಾಯಿಸಿಕೊಳ್ಳೋಣ, ಪರದೇಶದಲ್ಲಿ ಒಬ್ಬರಿಗೊಬ್ಬರು ಬೇಕು ಎಂದು ಅವನೇ ಹೇಳಿದ್ದು ನೆನಪಿತ್ತು. ಯಾವ ದಿನ ಎಂಬುದು ಮರೆತಿತ್ತು. ಪೆಟ್ಟಿಗೆ ತಂದ ದಿನವೇ. ಲಕೋಟೆ ಸಿಕ್ಕ ಸಂಜೆಯೇ ಬೀಗದವನನ್ನು ಕರೆಸಿ ಬೀಗ ಬದಲಾಯಿಸಿದೆ. ಆ ಕೀ ಇನ್ನು ಯಾರ ಹತ್ತಿರವೂ ಇರಲಿಲ್ಲ. ಆದರೂ ಬದಲಾಯಿಸಿದೆ. ಅವನ ಮನೆಯ ಕೀ ಇನ್ನೂ ನನ್ನ ಗೊಂಚಲಿನಲ್ಲೇ ಇದೆ. ಹೇಗೆ ಕೊಡಬೇಕೆಂದು ಗೊತ್ತಿಲ್ಲ.

ಬದರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ನಮ್ಮನ್ನು ಅವನು ಪ್ರೀತಿಸಿದ, ತನ್ನ ಮನೆಯವರಿಗಿಂತ ಒಂದು ಗುಲಗಂಜಿ ಕಡಿಮೆ. ಎಲ್ಲರೂ ಗೆಳೆಯರನ್ನು ಹಾಗೆಯೇ ಪ್ರೀತಿಸುವುದು. ಆ ಒಂದು ಗುಲಗಂಜಿ ಎಷ್ಟು ಎಂದು ತೂಕ ಹಾಕಿ ನೋಡುವ ಗತಿ ಮಾತ್ರ ಎಲ್ಲರಿಗೂ ಬರುವುದಿಲ್ಲ.

ಈ ಅಕ್ಟೋಬರಿನಲ್ಲಿ ಪ್ರಭಾ ಕರೆಂಟ್ ದೀಪ ಕಿತ್ತುಹಾಕಿ, ಆಯುಧಪೂಜೆಗೆ ಎಣ್ಣೆ ದೀಪ ಹಚ್ಚಿದಳು. ಲ್ಯಾಪ್‌ಟಾಪಿಗೆ, ಮಿಕ್ಸಿಗೆ, ಸೈಕಲ್ಲಿಗೆ ಕುಂಕುಮವಿಟ್ಟಳು. ಪೀಠದ ಕೆಳಗೆ ಪೆಟ್ಟಿಗೆಯಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣವಾಗಿದೆ, ಎಷ್ಟು ಉಜ್ಜಿದರೂ ಹೋಗಿಲ್ಲ. ನಾನು ಸ್ಟೂಲು ಎಳೆದುಕೊಂಡು ಹೊಸ್ತಿಲಲ್ಲಿ ಕೂತೆ.

“ಊಟಕ್ಕೆ ಏಳಿ,” ಎಂದಳು ಪ್ರಭಾ.

“ದೀಪ ಆರ್ಲಿ.”

“ಈಗ ಕೆಳಗೆ ಏನೂ ಇಲ್ವಲ್ಲ.”

“ಗೊತ್ತು,” ಎಂದೆ. ಅವಳು ಬಡಿಸಿಕೊಂಡು ಒಬ್ಬಳೇ ಊಟ ಮಾಡಿದಳು. ದೀಪ ಆರುವ ತನಕ ನಾನು ಏಳಲಿಲ್ಲ.